ಎಲ್ಲ ಹಳೆಯದೇ ಸಾರ್

ಬದರೀನಾರಾಯಣ ಮಾಡಿದ್ದು ಇಷ್ಟೆ. ಮಂಗಳವಾರ ಸಂಜೆ, ಮಿಲ್ಲಿನ ಬಸ್ಸು ಹೊರಡಲು ಹತ್ತು ನಿಮಿಷವಿದ್ದಾಗ, ಕಂಪ್ಯೂಟರಿನ ಕರ್ನೆಲನ್ನು ತೆಗೆದು ಅದರ ಜಾಗದಲ್ಲಿ ಬೇರೊಂದನ್ನು ಕೂರಿಸಿದ. ಅದು ಏಳುತ್ತದೋ ಇಲ್ಲವೋ ಎಂದು ಒಮ್ಮೆ ಎಬ್ಬಿಸಿ ನೋಡಬೇಕಾಗಿತ್ತು. ಹೊರಗೆ ಡ್ರೈವರು ಹಾರನ್ ಹೊಡೆದ. ನಾಳೆ ನೋಡಿದರಾಯಿತು ಎಂದು ಯಂತ್ರ ಆರಿಸಿ, ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಬಂದು ಸ್ವಿಚ್ ಒತ್ತಿದರೆ, ಪರದೆಯ ಮೇಲೆ ಒಂದೇ ಸಾಲು ಬಂತು. ಡಿಸ್ಕು ಸಿದ್ಧವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಯಂತ್ರ ಮೌನವ್ರತ ಹಿಡಿದು ಕೂತಿತು. ಆರಿಸಿ ಮತ್ತೆ ಹಚ್ಚಿದ. ಅದೇ ಸಾಲು. ಮೂರನೆಯ ಸಲವೂ ಅದೇ. 

ಇದು ೧೯೮೮ರ ಮಾತು. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಕೌಂಡಿನ್ಯ ನೂಲಿನ ಮಿಲ್ಲಿಗೆ ಆ ಕಂಪ್ಯೂಟರು ಬಂದು ಎರಡು ವರ್ಷವಾಗಿತ್ತು. ಬಟ್ಟೆ ಬೀರುವಿನಷ್ಟು ಎತ್ತರ, ಅದಕ್ಕೊಂದು ಗಾಜಿನ ಕೋಣೆ, ಕೋಣೆಗೆ ಎ.ಸಿ. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿರಲಿಲ್ಲ. ಮಿಲ್ಲಿನ ಜನ ಊಟದ ಹೊತ್ತಿನಲ್ಲಿ ಗಾಜಿಗೆ ಮೂಗೊತ್ತಿ ನಿಂತು ದರ್ಶನ ಮಾಡಿ ಹೋಗುತ್ತಿದ್ದರು.

ಆ ಯಂತ್ರದೊಳಗಿನ ಪಾರುಪತ್ತೇಗಾರನೇ ಕರ್ನೆಲ್. ಡಿಸ್ಕಿನ ಬೀಗದ ಕೈ ಅವನ ಸೊಂಟದಲ್ಲಿ. ಪ್ರಿಂಟರಿಗೆ ಸರದಿ ಕೊಡುವವನು ಅವನು, ಯಾರಿಗೆ ಎಷ್ಟು ಜಾಗ ಎಂದು ಹೇಳುವವನೂ ಅವನೇ. ಅವನು ಏಳದಿದ್ದರೆ ಬಾಗಿಲೇ ತೆರೆಯದು. ಮನುಷ್ಯರು ಬರೆದಿಟ್ಟ ವಿಧಿಯನ್ನು ಯಂತ್ರಕ್ಕೆ ತಿಳಿಯುವ ಹಾಗೆ ಇಳಿಸಿ ಆ ಪಾರುಪತ್ತೇಗಾರನನ್ನು ತಯಾರು ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಅಕ್ಕಿ ಬೇಳೆ ಅದೇ ಆದರೂ ಅಡುಗೆಯವರು ಬದಲಾದರೆ ಹುಳಿಯ ರುಚಿ ಬೇರೆಯಾಗುವಂತೆ, ಕಂಪೈಲರ್ ಬದಲಾದರೆ ಪಾರುಪತ್ತೇಗಾರನ ಸ್ವಭಾವವೂ ಬೇರೆಯಾಗಬಹುದು.

ಅಡುಗೆಯವನನ್ನು ಬದಲಾಯಿಸಿದ್ದೇ ಬದರೀನಾರಾಯಣನ ಅಪರಾಧ. ಮೈಸೂರಿನ ಕಾಲೇಜೊಂದರಲ್ಲಿದ್ದ ಗೆಳೆಯ ಭಾನುವಾರ ಒಂದು ಟೇಪು ಕೈಗಿಟ್ಟು, "ಹೊಸ ಕಂಪೈಲರ್ ಕಣೋ. ಬಿಟ್ಟಿ ಸಿಗುತ್ತೆ, ಭಾರಿ ಚುರುಕು. ವ್ಯರ್ಥವಾದದ್ದನ್ನೆಲ್ಲ ತಾನೇ ಹುಡುಕಿ ಕಿತ್ತುಹಾಕುತ್ತೆ" ಎಂದಿದ್ದ. ಬುಧವಾರ ಬೆಂಗಳೂರಿನಿಂದ ಡೈರೆಕ್ಟರು ಬರುವವರಿದ್ದರು. ಅವರ ಕಣ್ಣೆದುರು ವರದಿ ಸರಸರನೆ ಬಂದರೆ ತನ್ನ ಕೆಲಸ ಖಾಯಂ ಆದೀತೆಂಬ ಆಸೆಗೆ ಬಿದ್ದ. ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯ ಕಂಪೈಲರನ್ನೂ ಹಳೆಯ ಕರ್ನೆಲನ್ನೂ ಅಳಿಸಿಬಿಟ್ಟ. ಹೊಳೆ ದಾಟಿ ಆ ಮೇಲೆ ದೋಣಿ ಸುಡುವುದುಂಟು. ಅವನು ನಡುನೀರಿನಲ್ಲೇ ಸುಟ್ಟಿದ್ದ.

ಖಾಯಂ ಆಗದಿದ್ದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಶಿವಣ್ಣ ಎಂಬ ಗುಮಾಸ್ತ ವರದಿಯಲ್ಲಿ ಒಂದು ಕಾಲಂ ತಪ್ಪಿಸಿದ್ದಕ್ಕೆ ಅವನನ್ನು ಟಿ. ನರಸೀಪುರದ ಗೋಡೌನಿಗೆ ಕಳಿಸಿದ್ದರು. ಅಲ್ಲಿ ಇದ್ದದ್ದು ಮೂವತ್ತು ವರ್ಷದ ಹಳೆಯ ರಿಜಿಸ್ಟರುಗಳು, ಹರಿದ ಗೋಣಿಗಳು, ಹೆಗ್ಗಣಗಳು. ಯುಗಾದಿಗೆ ಬಂದ ಶಿವಣ್ಣ ಪ್ರತಿ ಮಾತಿಗೂ ಮುಂಚೆ ಕಾಲಿನಿಂದ ನೆಲ ತಟ್ಟುತ್ತಿದ್ದ. ಯಾಕೆ ಎಂದು ಕೇಳಿದರೆ, "ಅಭ್ಯಾಸ ಆಗೋಗದೆ ಸಾರ್. ಸದ್ದು ಮಾಡುದ್ರೆ ಅವು ಸ್ವಲ್ಪ ದೂರ ಓಯ್ತವೆ" ಎಂದಿದ್ದ. ಅಂದಿನಿಂದ ಬದರೀನಾರಾಯಣ ನರಸೀಪುರದ ಬಸ್ಸಿನ ಬೋರ್ಡು ಕಂಡರೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಒಂಬತ್ತು ಗಂಟೆಗೆ ಮ್ಯಾನೇಜರ್ ಗಂಗಾಧರಸ್ವಾಮಿ ಗಾಜಿನ ಬಾಗಿಲು ತೆರೆದು ತಲೆ ಒಳಗಿಟ್ಟರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಅದರ ಕೆಳಗೆ ಒಂದು ಗಂಟು.

"ಏನ್ರೀ ಬದರಿ, ಪ್ರಿಂಟರ್ ಸದ್ದೇ ಇಲ್ವಲ್ಲ? ಡೈರೆಕ್ಟರು ನಾಲ್ಕಕ್ಕೆ ಬರ್ತಾರೆ."

"ವೋಲ್ಟೇಜು ಸಾರ್" ಎಂದುಬಿಟ್ಟ ಬದರೀನಾರಾಯಣ. "ಸ್ವಲ್ಪ ಏರುಪೇರು. ಈಗ ಸರಿಹೋಗುತ್ತೆ."

ಅವನ ಲೆಕ್ಕದಲ್ಲಿ ಅದು ಮ್ಯಾನೇಜರನ್ನು ಸಾಗಹಾಕಲು ಹೇಳಿದ ಮಾತು. ಗಂಗಾಧರಸ್ವಾಮಿಯವರು ಅದನ್ನು ಎಲೆಕ್ಟ್ರಿಷಿಯನ್ ನಿಂಗರಾಜುವಿಗೆ ಮುಟ್ಟಿಸಿದರು. ತನ್ನ ಕರೆಂಟಿನ ಮೇಲೆ ಬಂದ ಅಪವಾದವನ್ನು ನಿಂಗರಾಜು ಹೆಂಡತಿಯ ಮೇಲೆ ಬಂದ ಅಪವಾದದಂತೆ ತೆಗೆದುಕೊಂಡ.

"ಯಾರ್ಸಾ ಏಳಿದ್ದು ವೋಲ್ಟೇಜ್ ಸರಿ ಇಲ್ಲ ಅಂತವ? ನಾ ಕೊಡೋ ಕರೆಂಟು ಆಲಿನಂಗಿರ್ತದೆ." ಮೀಟರು ಹಿಡಿದು ಚುಚ್ಚಿ ನೋಡಿದ. "ನೋಡಿ, ಇನ್ನೂರ ಮೂವತ್ತು. ಇದ್ಕಿಂತ ಇನ್ನೇನ್ ಬೇಕು ಇದ್ಕೆ?"

"ಮಧ್ಯೆ ಮಧ್ಯೆ ಬೀಳುತ್ತೆ ನಿಂಗರಾಜು. ಕಣ್ಣಿಗೆ ಕಾಣೋದಿಲ್ಲ."

"ಕಾಣದಂಗೆ ಬೀಳ್ತದಾ? ಅಂಗಾದ್ರೆ ಇರಿ, ಬೇರು ಸಮೇತ ಕಿತ್ತಾಕ್ತೀನಿ" ಎಂದು ಹೋದ ನಿಂಗರಾಜು, ಕಂಪ್ಯೂಟರಿಗೆ ಯಾರೂ ಪಾಲು ಕೇಳದಿರಲೆಂದು ಎರಡನೆಯ ಶೆಡ್ಡಿನ ಮೇನ್ ಸ್ವಿಚ್ ಎಳೆದೇಬಿಟ್ಟ. ನಲವತ್ತು ನೂಲುವ ಯಂತ್ರಗಳು ಒಟ್ಟಿಗೆ ನಿಂತವು. ಮಿಲ್ಲಿಗೆ ಮಿಲ್ಲೇ ಉಸಿರು ಹಿಡಿದಂತಾಯಿತು. ಕೆಲಸವಿಲ್ಲದ ಜನ ಒಬ್ಬೊಬ್ಬರಾಗಿ ಬಂದು ಗಾಜಿನಾಚೆ ನಿಂತರು. ಒಳಗೆ ಪರದೆಯ ಮೇಲೆ ಅದೇ ಸಾಲು. ಡಿಸ್ಕು ಸಿದ್ಧವಿಲ್ಲ.

ಗಂಗಾಧರಸ್ವಾಮಿಯವರು ಮತ್ತೆ ಬಂದರು. ಈ ಸಲ ತಲೆ ಮಾತ್ರವಲ್ಲ, ಪೂರ್ತಿ ಬಂದರು.

"ಶೆಡ್ಡೇ ನಿಲ್ಲಿಸಿದ್ದಾಯ್ತಲ್ಲ, ಈಗಲೂ ಏಳಲಿಲ್ವೇ?"

"ಈಗ ವೋಲ್ಟೇಜ್ ಸರಿಯಾಯ್ತು ಸಾರ್. ಆದರೆ ಬೆಳಗಿನಿಂದ ಏರುಪೇರಾಗಿ ಒಳಗೆ ಕಾವು ಕೂತಿದೆ. ಎ.ಸಿ. ಸಾಲ್ತಾ ಇಲ್ಲ."

ಮುಕ್ಕಾಲು ಗಂಟೆಯೊಳಗೆ ಪೇಟೆಯ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಎತ್ತಿನ ಗಾಡಿಯಲ್ಲಿ ಆರು ಮಂಜುಗಡ್ಡೆಗಳು ಬಂದವು. ಅಟೆಂಡರ್ ಮಾದಯ್ಯ ಅವನ್ನು ಹೊಟ್ಟಿನ ಸಮೇತ ತಂದು ಕಂಪ್ಯೂಟರಿನ ಸುತ್ತ, ಹಸೆಮಣೆಯ ಸುತ್ತ ಕಲಶ ಇಟ್ಟಂತೆ, ಒಪ್ಪವಾಗಿ ಜೋಡಿಸಿದ. ಹತ್ತು ನಿಮಿಷಕ್ಕೆ ಮಂಜು ಕರಗಿ ನೀರು ನೆಲದ ಮೇಲೆ ಹರಿಯಿತು. ವಯರುಗಳು ನೆನೆದಾವೆಂದು ಬದರೀನಾರಾಯಣ ಪಂಚೆಯಂತೆ ಪ್ಯಾಂಟು ಎತ್ತಿ ಹಿಡಿದು, ಒಂದೊಂದೇ ವಯರನ್ನು ಕುರ್ಚಿಯ ಮೇಲೆ ಎತ್ತಿಡುತ್ತ ಹೋದ. ಗಾಜಿನಾಚೆ ಜನ ಇನ್ನೂ ಹೆಚ್ಚಿದರು.

ಮಾದಯ್ಯ ಗೋಣಿತಾಟು ಹಿಂಡುತ್ತ ಮೆಲ್ಲಗೆ, "ತಪ್ಪು ತಿಳ್ಕಬ್ಯಾಡಿ ಬುದ್ಧಿ" ಎಂದ. "ಇದು ಕಾವೂ ಅಲ್ಲ ಗೀವೂ ಅಲ್ಲ. ದೃಷ್ಟಿ. ದಿನಾ ಅಷ್ಟ್ ಜನ ನೋಡುದ್ರೆ ನಮ್ಮನೆ ಎಮ್ಮೆನೂವೆ ಆಲು ಕೊಡಕಿಲ್ಲ."

"ಸುಮ್ಮನಿರು ಮಾದಯ್ಯ."

"ನಾ ಸುಮ್ಕೇ ಇವ್ನಿ. ಅದೂ ಸುಮ್ಕೇ ಅದೆ. ಅದ್ಕೇ ಏಳ್ದೆ."

ಅಷ್ಟು ಹೊತ್ತಿಗೆ ಹನ್ನೊಂದೂವರೆ. ಗಂಗಾಧರಸ್ವಾಮಿಯವರು ಹನ್ನೆರಡಕ್ಕೆ ರಾಹುಕಾಲ ಶುರುವಾಗುತ್ತದೆಂದು ಹೇಳಿಕಳಿಸಿದರು. ಡೈರೆಕ್ಟರಿಗೆ ವಿವರಣೆ ಕೊಡಲು ಯಾರ ಹೆಸರು ಬರೆಯಲಿ ಎಂದೂ ಕೇಳಿಕಳಿಸಿದರು. ಬದರೀನಾರಾಯಣನ ಕಿವಿಯಲ್ಲಿ ಯಾರೋ ನೆಲ ತಟ್ಟಿದ ಸದ್ದು ಕೇಳಿಸಿತು. ಸುತ್ತ ನೋಡಿದ. ತಟ್ಟುತ್ತಿದ್ದುದು ಅವನದೇ ಕಾಲು.

ಇನ್ನು ಒಬ್ಬರಿಗಾದರೂ ನಿಜ ಹೇಳದೆ ಉಪಾಯವಿರಲಿಲ್ಲ. ಕೋಣೆಯ ಮೂಲೆಯಲ್ಲಿ ವೆಂಕಟಲಕ್ಷ್ಮಿ ಕೂತಿದ್ದಳು. ದಿನವೂ ಶಿಫ್ಟಿನ ವಿವರಗಳನ್ನು ಯಂತ್ರಕ್ಕೆ ತುಂಬುವ ಕೆಲಸ ಅವಳದು. ಇವತ್ತು ಕೆಲಸವಿಲ್ಲದೆ, ನೀರಿಗೆ ಹೆದರಿ ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಬೆಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಲಕ್ಷ್ಮಿಯವರೇ, ಒಂದು ಮಾತು. ಯಾರಿಗೂ ಹೇಳಬಾರದು."

ಕಂಪೈಲರಿನ ಕತೆಯೆಲ್ಲ ಕೇಳಿ ಅವಳು ಕಣ್ಣು ಅಗಲಿಸಿದಳೇ ಹೊರತು ಹೆದರಲಿಲ್ಲ.

"ನನ್ನ ಹತ್ತಿರ ಹೇಳಿದ್ದು ಬಾವಿಗೆ ಹಾಕಿದ ಹಾಗೆ ಸಾರ್. ನಮ್ಮತ್ತೆಗೆ ಓವರ್‌ಟೈಮ್ ಅಂತ ಹೇಳಿ ನಾನು ಮೈಸೂರಿಗೆ ಸಿನಿಮಾಕ್ಕೆ ಹೋಗಿದ್ದು ಇವತ್ತಿಗೂ ಒಬ್ಬರಿಗೂ ಗೊತ್ತಿಲ್ಲ." ಒಂದು ಕ್ಷಣ ತಡೆದು, "ಈಗ ನಿಮಗೆ ಗೊತ್ತಾಯ್ತು. ಇರಲಿ ಬಿಡಿ. ನಾನೇನು ಮಾಡಬೇಕು?" ಎಂದಳು.

"ಓದಬೇಕು."

ಬದರೀನಾರಾಯಣನ ತಂದೆ ನಂಜನಗೂಡಿನಲ್ಲಿ ವೇದ ಹೇಳಿಕೊಡುತ್ತಿದ್ದವರು. ಹುಡುಗನಾಗಿದ್ದಾಗ ಅವನೂ ಆ ಸಾಲಿನಲ್ಲಿ ಕೂತಿದ್ದ. ಅರ್ಥ ತಿಳಿಯದ ವಯಸ್ಸು. ಆದರೂ ಪಕ್ಕದವನು ಒಂದು ಪದ ನುಂಗಿದರೆ ಕಿವಿಗೆ ತಟ್ಟುತ್ತಿತ್ತು, ಕತ್ತಲಲ್ಲಿ ಇಳಿಯುವಾಗ ಒಂದು ಮೆಟ್ಟಿಲು ಇಲ್ಲದ ಹಾಗೆ. ಕಣ್ಣಿಗೆ ಮೋಸವಾದೀತು, ಕಿವಿಗೆ ಆಗದು ಎಂಬುದು ಅವನ ತಂದೆಯ ನಂಬಿಕೆ. ಬೆಳಗಿನಿಂದ ಆ ಕಾಗದಗಳನ್ನು ಕಣ್ಣಿನಿಂದಲೇ ನೋಡಿ ನೋಡಿ ಅವನಿಗೆ ಏನೂ ಸಿಕ್ಕಿರಲಿಲ್ಲ.

ಡಿಸ್ಕನ್ನು ಎಬ್ಬಿಸುವ ಭಾಗದ ಮೂಲವಿಧಿ ಎಂಟು ಹಾಳೆ. ಅದನ್ನು ವೆಂಕಟಲಕ್ಷ್ಮಿಯ ಕೈಗೆ ಕೊಟ್ಟ. ಹೊಸ ಕಂಪೈಲರ್ ಅದನ್ನು ಇಳಿಸಿದ ಪ್ರತಿಯನ್ನು ಹಿಂದಿನ ಸಂಜೆಯೇ ಅಚ್ಚು ಹಾಕಿದ್ದ. ಅದು ಅವನ ತೊಡೆಯ ಮೇಲೆ. ಅವಳು ಒಂದು ಸಾಲು ಹೇಳಬೇಕು, ಅದಕ್ಕೆ ಸರಿಯಾದ ಸಾಲುಗಳನ್ನು ಇವನು ಹುಡುಕಿ ಹೇಳಬೇಕು. ಆ ಮೇಲೆ ಅವಳ ಸಾಲನ್ನೂ ಇವನ ಸಾಲನ್ನೂ ಸೇರಿಸಿ ಇನ್ನೊಮ್ಮೆ. ಬಾಯಿಪಾಠ ಒಪ್ಪಿಸುವ ಕ್ರಮ ಇದೇ.

ಇಬ್ಬರೂ ಕುರ್ಚಿಯ ಮೇಲೆ ಚಕ್ಕಂಬಟ್ಟಲೆ ಹಾಕಿ ಕೂತರು, ಕೆಳಗೆ ನೀರಿತ್ತಲ್ಲ. ಮೊದಲು ಪಿಸುಮಾತಾಗಿದ್ದದ್ದು ನಾಲ್ಕನೆಯ ಹಾಳೆಯ ಹೊತ್ತಿಗೆ ಸ್ವರ ಕಟ್ಟಿಕೊಂಡಿತು. ವೆಂಕಟಲಕ್ಷ್ಮಿ ಸಾಲಿನ ಕೊನೆಯನ್ನು ತಾನಾಗಿ ಎಳೆಯತೊಡಗಿದಳು. ಬದರೀನಾರಾಯಣ ಕಣ್ಣು ಮುಚ್ಚಿ ತಲೆ ತೂಗತೊಡಗಿದ.

ಗಾಜಿನಾಚೆಯಿಂದ ನೋಡುತ್ತಿದ್ದವರಿಗೆ ಸಂದೇಹವೇ ಉಳಿಯಲಿಲ್ಲ. ಚಪ್ಪಲಿ ಹೊರಗೆ, ಬರಿಗಾಲು, ನೆಲಕ್ಕೆಲ್ಲ ನೀರು, ಒಬ್ಬರು ಹೇಳುವುದು, ಇನ್ನೊಬ್ಬರು ಒಪ್ಪಿಸುವುದು.

"ನಾ ಏಳ್ನಿಲ್ವಾ" ಎಂದ ಮಾದಯ್ಯ ಎಲ್ಲರ ಕಡೆ ತಿರುಗಿ. "ಶಾಂತಿ ಮಾಡಿಸ್ತಾವ್ರೆ."

ಜನ ನೆಲದ ಮೇಲೆ ಸಾಲಾಗಿ ಕೂತರು. ಹೆಂಗಸರು ಸೆರಗು ಹೊದ್ದರು. ಯಾರೋ ಕ್ಯಾಂಟೀನಿನಿಂದ ತೆಂಗಿನಕಾಯಿ ತಂದರು. ನಿಂಗರಾಜು ಕೂಡ ಮೀಟರು ಪಕ್ಕಕ್ಕಿಟ್ಟು ಕೈಮುಗಿದ, ಆದರೂ, "ಕರೆಂಟ್ ತಪ್ಪಲ್ಲ ಅಂತ ದೇವ್ರಿಗೆ ಗೊತ್ತದೆ" ಎಂದು ಎರಡು ಸಲ ಹೇಳಿದ. ಊಟ ಮುಗಿಸಿ ಬಂದ ಗಂಗಾಧರಸ್ವಾಮಿಯವರು ಬಯ್ಯಲೆಂದು ಬಾಯಿ ತೆರೆದವರು, ಜನರ ಮುಖ ನೋಡಿ, ಬಾಯಿ ಮುಚ್ಚಿ, ತಾವೂ ಬೂಟು ಕಳಚಿದರು.

ಆರನೆಯ ಹಾಳೆಯಲ್ಲಿದ್ದಾಗ ಬಾಗಿಲು ತೆರೆದ ಸದ್ದಾಯಿತು. ಬದರೀನಾರಾಯಣ ಕಣ್ಣು ಬಿಟ್ಟರೆ, ಮಾದಯ್ಯ ತಟ್ಟೆಯಲ್ಲಿ ಬಿಲ್ಲೆ ಕರ್ಪೂರ ಉರಿಸಿಕೊಂಡು ಡಿಸ್ಕಿನ ಡಬ್ಬಿಗೆ ಮಂಗಳಾರತಿ ಎತ್ತಲು ಸಿದ್ಧನಾಗಿ ನಿಂತಿದ್ದ. ಆ ಡಬ್ಬಿಯೊಳಗೆ ಕೂದಲೆಳೆಯಷ್ಟು ಹೊಗೆ ಹೋದರೂ ಮಿಲ್ಲಿನ ಎರಡು ವರ್ಷದ ವಿವರವೆಲ್ಲ ಹೋಗುತ್ತಿತ್ತು. ಬದರೀನಾರಾಯಣ ಕುರ್ಚಿಯಿಂದ ಹಾರಿ, ಮಂಜುಗಡ್ಡೆಯ ಮೇಲೆ ಕಾಲಿಟ್ಟು, ಜಾರಿ, ಮಾದಯ್ಯನ ಸೊಂಟ ತಬ್ಬಿಕೊಂಡು ನಿಂತ. ತಟ್ಟೆ ನೀರಿಗೆ ಬಿದ್ದು ಚುಂಯ್ ಎಂದಿತು.

"ಇನ್ನೂ ಮುಗಿದಿಲ್ಲ ಮಾದಯ್ಯ" ಎಂದ, ಉಸಿರು ಸಿಕ್ಕ ಮೇಲೆ. "ಮಂಗಳಾರತಿ ಕೊನೆಗೆ."

"ಮದ್ಲೇ ಏಳ್ಬಾರ್ದಾ ಬುದ್ಧಿ" ಎಂದು ಮಾದಯ್ಯ ತಟ್ಟೆ ಎತ್ತಿಕೊಂಡು ಹೋದ.

ಆರನೆಯ ಹಾಳೆ ಮೊದಲಿನಿಂದ ಮತ್ತೆ ಶುರುವಾಯಿತು. ಎರಡು ಗಂಟೆ ದಾಟಿತ್ತು.

"ಡಿಸ್ಕಿಗೆ ಏಳು ಅಂತ ಹೇಳು" ಎಂದಳು ವೆಂಕಟಲಕ್ಷ್ಮಿ.

"ಇದೆ."

"ಸೊನ್ನೆಯಿಂದ ಇಪ್ಪತ್ತು ಸಾವಿರದ ತನಕ ಒಂದೊಂದೇ ಎಣಿಸು. ಬೇರೇನೂ ಮಾಡಬೇಡ."

ಬದರೀನಾರಾಯಣನ ಬೆರಳು ಹಾಳೆಯ ಮೇಲೆ ನಿಂತಿತು.

"ಎದ್ದೆಯಾ ಅಂತ ಡಿಸ್ಕನ್ನ ಕೇಳು" ಎಂದು ಅವಳು ಮುಂದಕ್ಕೆ ಹೋದಳು.

"ಇದೆ. ನಿಲ್ಲಿ. ಅದರ ಹಿಂದಿನದು ಹೇಳಿ."

"ಇಪ್ಪತ್ತು ಸಾವಿರ ಎಣಿಸು, ಬೇರೇನೂ ಮಾಡಬೇಡ."

ಮೆಟ್ಟಿಲು ಇರಲಿಲ್ಲ. ಹೊಸ ಪ್ರತಿಯಲ್ಲಿ ಆ ಸಾಲಿಗೆ ಒಂದು ಅಕ್ಷರವೂ ಇರಲಿಲ್ಲ. ಏಳು ಎಂದ ಮರುಗಳಿಗೆಯೇ ಎದ್ದೆಯಾ ಎಂದು ಕೇಳಿತ್ತು. ಡಿಸ್ಕು ಮಗ್ಗುಲು ಬದಲಿಸಿ ಏಳುವಷ್ಟು ಹೊತ್ತು ಸುಮ್ಮನೆ ಎಣಿಸುತ್ತಿರಲಿ ಎಂದು ಹಳೆಯವರು ಬರೆದಿಟ್ಟಿದ್ದರು. ಚುರುಕು ಕಂಪೈಲರ್ ಅದನ್ನು ನೋಡಿ, ಇವನು ಎಣಿಸುವುದರಿಂದ ಯಾರಿಗೇನು ಪ್ರಯೋಜನ ಎಂದು ಸಾಲನ್ನೇ ಕಿತ್ತುಹಾಕಿತ್ತು.

ಪರಿಹಾರ ಸುಲಭವಾಗಿತ್ತು. ಬರಿದೆ ಎಣಿಸಿದರೆ ತಾನೆ ಸೋಮಾರಿತನ ಎನ್ನಿಸುವುದು? ಒಂದೊಂದು ಎಣಿಕೆಗೂ ಒಂದು ಅಂಕೆಯನ್ನು ಯಂತ್ರದ ನೆನಪಿನ ಒಂದು ಮನೆಯಲ್ಲಿ ಬರೆದಿಡು ಎಂದು ಸೇರಿಸಿದ. ಜಪ ಮಾಡುವವನ ಕೈಗೆ ಮಣಿಸರ ಕೊಟ್ಟ ಹಾಗೆ. ಇನ್ನು ಕಂಪೈಲರಿನ ಕಣ್ಣಿಗೂ ಅದು ಕೆಲಸವೇ. ಯಂತ್ರದ ಕಂಪೆನಿಯವರು ಆಪತ್ತಿಗೆಂದು ಕೊಟ್ಟಿದ್ದ ಟೇಪಿನಿಂದ, ವರದಿ ತೆಗೆಯಲು ಬಾರದ, ತಿದ್ದುಪಡಿಗಷ್ಟೇ ಸಾಲುವ ಪುಟ್ಟದೊಂದು ಕರ್ನೆಲನ್ನು ಎಬ್ಬಿಸಿ, ಅದರ ನೆರವಿನಿಂದ ವಿಧಿ ತಿದ್ದಿ, ಹೊಸ ಕಂಪೈಲರಿನಲ್ಲೇ ಮತ್ತೆ ಕಟ್ಟಲು ಬಿಟ್ಟ. ಆ ಟೇಪು ಬಸವನಹುಳುವಿನ ಹಾಗೆ ತೆವಳಿತು. ಬದರೀನಾರಾಯಣ ಗೋಡೆಯ ಗಡಿಯಾರ ನೋಡುತ್ತ, ಮೃತ್ಯುಂಜಯನನ್ನು ನೆನೆಯುತ್ತ ನಿಂತ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕಟ್ಟಿ ಮುಗಿಯಿತು. ಸ್ವಿಚ್ ಒತ್ತಿದ. ಡಿಸ್ಕು ಗುರ್ರೆಂದಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆ ಮೇಲೆ ಪರದೆಯ ಮೇಲೆ ಸಾಲು ಸಾಲು ಅಕ್ಷರ ಹರಿದವು.

ಗಾಜಿನಾಚೆ ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು.

ಡೈರೆಕ್ಟರ್ ಗೋಪಾಲಕೃಷ್ಣ ಅವರು ಸರಿಯಾಗಿ ನಾಲ್ಕಕ್ಕೆ ಬಂದರು. ತೆಳ್ಳಗಿನ ಮನುಷ್ಯ, ಮೆಲುಮಾತು. ಒದ್ದೆ ನೆಲವನ್ನು ನೋಡಿದರು, ಏನೂ ಕೇಳಲಿಲ್ಲ. ಬದರೀನಾರಾಯಣ ಹೊಸ ಪ್ರತಿಯ ಕಾಗದವನ್ನೆಲ್ಲ ಪ್ರಿಂಟರಿನ ಕೆಳಗೆ ತುರುಕಿ, ಅದಕ್ಕೆ ಅಡ್ಡಲಾಗಿ ನಿಂತು, ಶಿಫ್ಟಿನ ವರದಿ ಹಚ್ಚಿದ. ಡೈರೆಕ್ಟರು ಕೈಗಡಿಯಾರ ನೋಡಿಕೊಂಡರು. ವರದಿ ಮುಗಿದಾಗ ಮತ್ತೆ ನೋಡಿಕೊಂಡರು.

"ನಮ್ಮ ಬೇರೆ ಮಿಲ್‌ಗಳಲ್ಲಿ ಇದೇ ಯಂತ್ರ, ಇದೇ ವರದಿ. ಅಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತೆ. ಇಲ್ಲಿ ಹನ್ನೆರಡಕ್ಕೆ ಬಂತು. ಏನಾದರೂ ಬದಲಾಯಿಸಿದ್ದೀರೇನು?"

ಬದರೀನಾರಾಯಣ ಪ್ರಿಂಟರಿಗೆ ಇನ್ನಷ್ಟು ಒತ್ತಿಕೊಂಡು ನಿಂತ. ಸಿಕ್ಕಿಬಿದ್ದೆ ಎಂದುಕೊಂಡ.

"ಇಲ್ಲ ಸಾರ್. ಎಲ್ಲ ಹಳೆಯದೇ ಸಾರ್."

"ಕಂಪೈಲರ್?"

"ಕಂಪೆನಿಯವರು ಕೊಟ್ಟದ್ದೇ ಸಾರ್."

"ಖಂಡಿತವಾಗಿ?"

"ನಂಜುಂಡೇಶ್ವರನ ಆಣೆ ಸಾರ್."

ಗಂಗಾಧರಸ್ವಾಮಿಯವರು ಹೆಮ್ಮೆಯಿಂದ ಮುಂದೆ ಬಂದರು. "ನಮ್ಮ ಬದರಿ ಅಂಥವರಲ್ಲ ಸಾರ್. ಇದ್ದದ್ದನ್ನ ಇದ್ದ ಹಾಗೇ ಇಡ್ತಾರೆ. ಒಂದು ಕಡ್ಡಿ ಆಚೆಯಿಂದ ಈಚೆಗೆ ಎತ್ತಿಡೋರಲ್ಲ."

ಡೈರೆಕ್ಟರ ಮುಖ ಸಪ್ಪಗಾಯಿತು. ಕುರ್ಚಿ ಎಳೆದುಕೊಂಡು ಕೂತರು.

"ನಾನು ಬಂದ ಕೆಲಸ ಇಲ್ಲೂ ಆಗಲಿಲ್ಲ ಹಾಗಾದರೆ. ಬೆಂಗಳೂರಿನಲ್ಲಿ ನಮ್ಮ ಮೂರು ಜನ ಇಂಜಿನಿಯರುಗಳು ಆರು ತಿಂಗಳಿಂದ ಹೊಸ ಕಂಪೈಲರೊಂದರಲ್ಲಿ ಈ ಕರ್ನೆಲ್ ಕಟ್ಟಲು ಒದ್ದಾಡ್ತಿದ್ದಾರೆ. ಕಟ್ಟುತ್ತೆ, ಏಳೋದಿಲ್ಲ. ಡಿಸ್ಕಿನ ಹತ್ತಿರ ನಿಂತುಬಿಡುತ್ತೆ. ನಮ್ಮ ಮಿಲ್‌ಗಳಲ್ಲಿ ಯಾರಾದರೂ ಧೈರ್ಯ ಮಾಡಿ ನೋಡಿದವರು ಇರಬಹುದು ಅಂತ ಹುಡುಕ್ತಾ ಹೊರಟಿದ್ದೇನೆ. ಸಿಕ್ಕರೆ ಹೆಡ್ ಆಫೀಸಿನ ಕಂಪ್ಯೂಟರ್ ವಿಭಾಗವನ್ನೇ ಒಪ್ಪಿಸಬೇಕು ಅಂತಿದ್ದೆ."

ಬದರೀನಾರಾಯಣನ ಬಾಯಿ ತೆರೆಯಿತು. ನಂಜುಂಡೇಶ್ವರನ ಆಣೆ ಇನ್ನೂ ಕೋಣೆಯಲ್ಲೇ ತೂಗಾಡುತ್ತಿತ್ತು. ಗಾಜಿನಾಚೆ ದೇವಸ್ಥಾನದ ಕಡೆ ಮುಖ ಮಾಡಿ ಐವತ್ತು ಜನ ಕಾಯಿಚೂರು ತಿನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡಿತು.

"ಅದು ಎಣಿಸೋ ಸಾಲನ್ನ ಕಿತ್ತುಹಾಕಿರುತ್ತೆ ಸಾರ್" ಎಂದಳು ಮೂಲೆಯಿಂದ ವೆಂಕಟಲಕ್ಷ್ಮಿ.

ಡೈರೆಕ್ಟರು ತಿರುಗಿದರು. "ಏನಂದಿರಿ?"

"ಡಿಸ್ಕು ಏಳೋ ತನಕ ಇಪ್ಪತ್ತು ಸಾವಿರ ಎಣಿಸು ಅಂತ ಒಂದು ಸಾಲಿರುತ್ತಲ್ಲ. ಹೊಸ ಕಂಪೈಲರಿಗೆ ಅದು ದಂಡ ಅನ್ನಿಸುತ್ತೆ. ಎಣಿಸಿದ್ದನ್ನ ಎಲ್ಲಾದರೂ ಬರೆದಿಡು ಅಂದರೆ ಸುಮ್ಮನಾಗುತ್ತೆ."

ಡೈರೆಕ್ಟರು ಕುರ್ಚಿಯನ್ನು ಅವಳತ್ತ ಎಳೆದುಕೊಂಡರು.

"ಇದು ನಿಮಗೆ ಹೇಗೆ ಗೊತ್ತು?" ಎಂದರು ಡೈರೆಕ್ಟರು ನಿಧಾನವಾಗಿ.

ವೆಂಕಟಲಕ್ಷ್ಮಿ ಬದರೀನಾರಾಯಣನ ಕಡೆ ನೋಡಿದಳು. ಹೇಳಿಬಿಡು ತಾಯಿ, ನಾನೇ ಎಂದು ಹೇಳಿಬಿಡು ಎಂದು ಅವನು ಕಣ್ಣಲ್ಲೇ ಬೇಡಿಕೊಂಡ. ಬೆಳಗಿನಿಂದ ಹೆದರಿ ಹೆದರಿ ಆ ಕಣ್ಣಿಗೆ ಬೇರೆ ಯಾವ ಭಾವವೂ ಬರುತ್ತಿರಲಿಲ್ಲ. ಅವಳಿಗೆ ಅಲ್ಲಿ ಕಂಡದ್ದು, ಬೇಡ, ನನ್ನ ಹೆಸರು ಎತ್ತಬೇಡ ಎಂಬ ಗಾಬರಿ. ಅವಳು ಕಾಣದಂತೆ ಒಮ್ಮೆ ತಲೆಯಾಡಿಸಿದಳು.

"ನಾನೇ ಸಾರ್" ಎಂದಳು. "ಕೆಲಸ ಇಲ್ಲದಾಗ ಕೂತು ಓದ್ತಾ ಇರ್ತೀನಿ. ಓದ್ತಾ ಓದ್ತಾ ಹೊಳೀತು."

ಡೈರೆಕ್ಟರು ಎದ್ದು ನಿಂತು ಕೈಮುಗಿದರು. ಸೋಮವಾರ ಬೆಂಗಳೂರಿಗೆ ಬರಬೇಕೆಂದರು, ಇರಲು ಮನೆ ಕಂಪೆನಿಯದೇ ಎಂದರು. ಗಂಗಾಧರಸ್ವಾಮಿಯವರು, ಈ ಹುಡುಗಿಯಲ್ಲಿ ಏನೋ ಇದೆಯೆಂದು ತಾವು ಮೊದಲೇ ಹೇಳಿರಲಿಲ್ಲವೇ ಎಂದು ನಿಂಗರಾಜುವನ್ನು ಕೇಳಿದರು. ನಿಂಗರಾಜು, "ಕರೆಂಟ್ ತಪ್ಪಲ್ಲ ಅಂತ ಈಗ್ಲಾದ್ರೂ ಗೊತ್ತಾಯ್ತಲ್ಲ ಸಾ" ಎಂದ.

ಹೊರಡುವಾಗ ಡೈರೆಕ್ಟರ ಕಣ್ಣು ಬದರೀನಾರಾಯಣನ ಮೇಲೆ ಬಿತ್ತು.

"ನೀವು ಬೇಜಾರು ಮಾಡ್ಕೋಬೇಡಿ. ಇದ್ದದ್ದನ್ನು ಇದ್ದ ಹಾಗೆ ಕಾಪಾಡೋರೂ ಕಂಪೆನಿಗೆ ಬೇಕು. ಗಂಗಾಧರಸ್ವಾಮಿ, ಇಂಥವರಿಗೆ ತಕ್ಕ ಜಾಗ ಯಾವುದಾದರೂ ಇದೆಯೇ?"

"ಶಿವಣ್ಣನಿಗೆ ಹುಷಾರಿಲ್ಲ, ವಾಪಸ್ ಕರೆಸಿಕೊಳ್ಳಿ ಅಂತ ಬರೆದಿದ್ದಾನೆ ಸಾರ್" ಎಂದರು ಗಂಗಾಧರಸ್ವಾಮಿ. "ನರಸೀಪುರದ ಗೋಡೌನು. ಮೂವತ್ತು ವರ್ಷದ ರಿಜಿಸ್ಟರುಗಳು."

"ಪ್ರಶಸ್ತವಾಯಿತು" ಎಂದರು ಡೈರೆಕ್ಟರು. "ಖಾಯಂ ಮಾಡಿಬಿಡಿ."

ಎಲ್ಲರೂ ಕಾರಿನವರೆಗೆ ಹೋದರು. ಬದರೀನಾರಾಯಣ ಮಂಜಿನ ನೀರಿನಲ್ಲಿ ಬ​ರಿಗಾಲಲ್ಲಿ ನಿಂತೇ ಇದ್ದ. ವೆಂಕಟಲಕ್ಷ್ಮಿ ಬಾಗಿಲಲ್ಲಿ ಅರೆಗಳಿಗೆ ತಡೆದು, ಹಿಂತಿರುಗಿ ಬಂದು, ಯಾರಿಗೂ ಕೇಳಿಸದಂತೆ ಅವನ ಕಿವಿಯ ಹತ್ತಿರ ಹೇಳಿದಳು:

"ನೀವು ನಿಶ್ಚಿಂತೆಯಾಗಿ ಹೋಗಿಬನ್ನಿ ಸಾರ್. ಆ ಕಂಪೈಲರ್ ಹಾಕಿದ್ದು ನೀವು ಅಂತ ಸಾಯೋ ತನಕ ನನ್ನ ಬಾಯಿಂದ ಬರೋದಿಲ್ಲ."